ಥಾರ್‌ಗೆ ಹೊರಟವರು ಮರಳಿಗೆ ಒಂದೇ ರಾತ್ರಿ ಇಡಿ

ನಮ್ಮ ಕಡೆಯಿಂದ ರಾಜಸ್ಥಾನಕ್ಕೆ ಹೊರಡುವವರಲ್ಲಿ ಬಹಳ ಮಂದಿ ಜೈಸಲ್ಮೇರ್ ಹತ್ತಿರದ ಸಮ್ ಮರಳುದಿಬ್ಬಗಳಲ್ಲಿ ಎರಡು ಮೂರು ರಾತ್ರಿ ಟೆಂಟ್ ಹಿಡಿದುಬಿಡುತ್ತಾರೆ. ಸೂರ್ಯಾಸ್ತ, ಒಂಟೆ ಸವಾರಿ, ಹಾಡು, ಕುಣಿತ ಎಲ್ಲವೂ ಮೊದಲ ಸಂಜೆಗೇ ಮುಗಿಯುತ್ತವೆ. ಎರಡನೆಯ ಸಂಜೆಗೂ ಅದೇ ಪಟ್ಟಿ. ಥಾರ್ ಎಂದರೆ ಬರೀ ಮರಳಲ್ಲ. ಕಲ್ಲುಗುಡ್ಡ, ಹುಲ್ಲುಗಾವಲು, ಕುರುಚಲು ಕಾಡು, ಚಳಿಗಾಲದಲ್ಲಿ ಹಸಿರಾಗಿರುವ ಗೋಧಿ ಹೊಲ ಎಲ್ಲವೂ ಅಲ್ಲಿವೆ. ಏಳು ರಾತ್ರಿ ಸಿಕ್ಕರೆ ಜೋಧಪುರಕ್ಕೆ ಎರಡು, ಫಲೋದಿಗೆ ಒಂದು, ಜೈಸಲ್ಮೇರ್ ಊರಿಗೆ ಎರಡು, ಮರಳಿಗೆ ಒಂದು, ಬಿಕಾನೇರ್‌ಗೆ ಒಂದು. ರೈಲಿನ ದಿನಗಳು ಬೇರೆ.

ದಸರಾ ರಜೆಗೆ ಹೋಗಬೇಡಿ, ಆಗಿನ್ನೂ ಅಲ್ಲಿ ಬಿಸಿಲು ಸುಡುತ್ತಿರುತ್ತದೆ. ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಹೊಲಮನೆ ಇರುವವರಾದರೆ ರಾಗಿ ಒಕ್ಕಣೆ, ಸಂಕ್ರಾಂತಿ ಎರಡೂ ಮುಗಿದ ಮೇಲೆ ಫೆಬ್ರವರಿ ಮೊದಲ ಹದಿನೈದು ದಿನ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಬಾಡಿಗೆಯೂ ಜನವೂ ಏರುತ್ತವೆ. ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರ್‌ನಲ್ಲಿ ಮರುಭೂಮಿ ಉತ್ಸವ ನಡೆಯುತ್ತದೆ. ಬೇಕೆನ್ನುವವರು ಮೊದಲೇ ರೂಮು ಹಿಡಿಯಲಿ, ಬೇಡದವರು ಆ ವಾರ ತಪ್ಪಿಸಲಿ.

ರೈಲು ಮೊದಲು, ಹೋಟೆಲ್ ಆಮೇಲೆ. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಜೋಧಪುರಕ್ಕೆ, ಯಶವಂತಪುರದಿಂದ ಬಿಕಾನೇರ್‌ಗೆ ನೇರ ರೈಲುಗಳಿವೆ, ಆದರೆ ವಾರದ ಎಲ್ಲ ದಿನವೂ ಇಲ್ಲ. ಅದಕ್ಕೇ ಜೋಧಪುರದಲ್ಲಿ ಇಳಿದು ಬಿಕಾನೇರ್‌ನಲ್ಲಿ ಹತ್ತುವ ಹಾಗೆ ಹೊಂದಿಸಿಕೊಂಡರೆ ಬಂದ ದಾರಿಯಲ್ಲೇ ಹಿಂತಿರುಗುವ ಪಾಡಿಲ್ಲ. ತುಮಕೂರಿನವರು ತಮ್ಮ ರೈಲಿಗೆ ಅಲ್ಲೇ ನಿಲುಗಡೆ ಇದೆಯೇ ನೋಡಿಕೊಂಡು ಹತ್ತುವ ನಿಲ್ದಾಣವಾಗಿ ತುಮಕೂರನ್ನೇ ಹಾಕಿ. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಪ್ರಯಾಣಕ್ಕೆ ಎರಡು ರಾತ್ರಿ ಹಿಡಿಯುತ್ತದೆ. ವಿಮಾನವಾದರೆ ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ಪಕ್ಕದಲ್ಲೇ ಇದೆ. ಕೋಲಾರದವರು ಬೆಂಗಳೂರಿನ ಒಳಗೆ ಹೋಗದೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲೆ ಬರಬಹುದು.

ಜೋಧಪುರದಲ್ಲಿ ಮೆಹರಾನ್‌ಗಢ ಕೋಟೆಯ ಬುಡದಲ್ಲೇ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನವಿದೆ. ಬಳ್ಳಾರಿ ಜಾಲಿ ಹಬ್ಬಿ ಕೆಟ್ಟಿದ್ದ ಬಂಡೆನೆಲದಲ್ಲಿ ಜಾಲಿಯನ್ನು ಬೇರುಸಹಿತ ಕಿತ್ತು ಮರುಭೂಮಿಯ ಸ್ವಂತ ಗಿಡಗಳನ್ನು ಬೆಳೆಸಿದ್ದಾರೆ. ಪಾವಗಡ, ಬಾಗೇಪಲ್ಲಿ ಕಡೆಯ ಜಾಲಿ ಕಂಡವರು ಇದನ್ನು ನೋಡಲೇಬೇಕು. ಊರಾಚೆ ಖೇಜಡಲಿ ಗ್ರಾಮವಿದೆ. 1730ರಲ್ಲಿ ಖೇಜಡಿ ಮರಗಳನ್ನು ಉಳಿಸಲು ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ಊರು. ಖೇಜಡಿ ಎಂದರೆ ವಿಜಯದಶಮಿಗೆ ನಾವು ಪೂಜಿಸುವ ಬನ್ನಿ ಮರ. ಅದರ ಕಾಯಿಯೇ ಸಾಂಗರಿ. ಕೇರ್ ಕಾಯಿಯ ಜೊತೆ ಪಲ್ಯ ಮಾಡುತ್ತಾರೆ, ಸಜ್ಜೆ ರೊಟ್ಟಿಗೆ ಬಹಳ ಚೆನ್ನ.

ಫಲೋದಿಯಲ್ಲಿ ಉಳಿಯುವುದು ಪಕ್ಕದ ಖೀಚನ್ ಹಳ್ಳಿಗಾಗಿ. ಮಧ್ಯ ಏಷ್ಯಾದ ಕಡೆಯಿಂದ ಸಾವಿರಾರು ಕುರ್ಜಾ ಕೊಕ್ಕರೆಗಳು ಬಂದು ಮಾರ್ಚ್‌ವರೆಗೂ ಇರುತ್ತವೆ, ಊರಿನವರು ಕಾಳು ಹಾಕಿ ಸಾಕುತ್ತಾರೆ. ಕಾಳಿಗೆ ಇಳಿಯುವುದು ಬೆಳಗಿನ ಹೊತ್ತು. ಜೋಧಪುರದಿಂದ ಆರಾಮಾಗಿ ತಿಂಡಿ ತಿಂದು ಹೊರಟವರಿಗೆ ಆ ನೋಟ ಸಿಗುವುದಿಲ್ಲ.

ಜೈಸಲ್ಮೇರ್ ಕೋಟೆ 1156ರದು, ಒಳಗೆ ಈಗಲೂ ಜನ ವಾಸವಿದ್ದಾರೆ. ಆದರೆ ರೂಮು ಮಾತ್ರ ಕೋಟೆಯ ಹೊರಗೆ ಮಾಡಿ. ಬಿಂದಿಗೆ ನೀರಿನ ಕಾಲದಲ್ಲಿ ಕಟ್ಟಿದ ಕೋಟೆ ಅದು. ಈಗ ನಲ್ಲಿ, ಶವರ್, ಕಕ್ಕಸಿನ ನೀರು ಬುಡದ ಮಣ್ಣಿಗೆ ಇಂಗಿ ಬುರುಜುಗಳು ಕುಸಿದ ಉದಾಹರಣೆಗಳಿವೆ. ಹೊರಗಿನ ಮಹಡಿಯಿಂದ ಕೋಟೆ ಇನ್ನೂ ಚೆನ್ನಾಗಿ ಕಾಣುತ್ತದೆ.

ನಮ್ಮವರು ಅರ್ಧ ದಿನವಾದರೂ ಇಡಬೇಕಾದ್ದು ಖಡೀನ್‌ಗಳಿಗೆ, ಅಂದರೆ ಮಳೆನೀರನ್ನು ಏರಿ ಕಟ್ಟಿ ತಡೆದು ಬೆಳೆ ತೆಗೆಯುವ ಹೊಲಗಳಿಗೆ. ಜೈಸಲ್ಮೇರ್‌ನ ಪಶ್ಚಿಮಕ್ಕೆ ಕುಲಧರಾ, ಖಾಭಾ ಎಂಬ ಪಾಳುಹಳ್ಳಿಗಳಿವೆ. ಗೈಡುಗಳು ಅಲ್ಲಿ ದೆವ್ವದ ಕಥೆ ಹೇಳಿ ಕರೆದುಕೊಂಡು ಬಂದುಬಿಡುತ್ತಾರೆ. ಖಡೀನ್ ತೋರಿಸಿ ಎಂದು ಡ್ರೈವರ್‌ಗೆ ಮೊದಲೇ ಹೇಳಿ. ಆ ಹಳ್ಳಿಗಳಲ್ಲಿದ್ದ ಪಾಲಿವಾಲ್ ಬ್ರಾಹ್ಮಣರು ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಗೋಧಿ ಬೆಳೆದವರು. ಸುತ್ತಲಿನ ಕಲ್ಲುಬೋರೆಯ ಮೇಲೆ ಬಿದ್ದ ಮಳೆ ಇಂಗದೆ ಹರಿದು ತಗ್ಗಿಗೆ ಬರುತ್ತದೆ. ಅಲ್ಲಿ ಅಡ್ಡಲಾಗಿ ಮಣ್ಣಿನ ಏರಿ, ಹೆಚ್ಚಾದ ನೀರಿಗೆ ಕೋಡಿ. ಇಷ್ಟರವರೆಗೆ ಕೋಲಾರದ ಕೆರೆಯೇ. ಆದರೆ ನಾವು ನೀರನ್ನು ನಿಲ್ಲಿಸಿಕೊಂಡು ತೂಬಿನಿಂದ ಕೆಳಗಿನ ಗದ್ದೆಗೆ ಬಿಡುತ್ತೇವೆ, ಅಲ್ಲಿ ಕೆರೆಯಂಗಳವೇ ಹೊಲ. ಮಳೆಗಾಲ ಕಳೆದು ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಕಟ್ಟುವುದಿಲ್ಲ. ವರ್ಷವರ್ಷ ಬರುವ ಮೆಕ್ಕಲು ಮಣ್ಣು ಹೊಲವನ್ನೂ ಫಲವತ್ತಾಗಿಸುತ್ತದೆ. ಜನವರಿಯಲ್ಲಿ ಆ ಬೋಳು ನೆಲದ ನಡುವೆ ಹಸಿರು ಗೋಧಿ ಕಾಣುತ್ತದೆ. ಆ ವರ್ಷದ ಮಳೆ ಕೈಕೊಟ್ಟಿದ್ದರೆ ಏರಿ ಮಾತ್ರ. ಪೈರಿನೊಳಗೆ ನುಗ್ಗಬೇಡಿ, ಏರಿಯ ಮೇಲೆಯೇ ನಡೆಯಿರಿ.

ಹಕ್ಕಿ ನೋಡುವವರು ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿ ಕಡೆ ಹೋಗಬಹುದು, ಅನುಮತಿ ಬೇಕು. ನಮ್ಮ ಸಿರುಗುಪ್ಪದಲ್ಲಿ ಬೆರಳೆಣಿಕೆಗೆ ಇಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ದೇಶದಲ್ಲಿ ಉಳಿದಿರುವ ದೊಡ್ಡ ನೆಲೆ ಇದು. ಕಂಡೇ ಕಾಣುತ್ತದೆಂದು ಹೇಳುವ ಗೈಡನ್ನು ನಂಬಬೇಡಿ, ಹುಲ್ಲಿನೊಳಗೆ ಜೀಪು ನುಗ್ಗಿಸಲು ಒತ್ತಾಯಿಸಲೂ ಬೇಡಿ.

ಮರಳಿನ ರಾತ್ರಿಗೆ ಸಮ್‌ಗಿಂತ ಖುರಿ ಹಳ್ಳಿಯ ದಿಬ್ಬಗಳು ಶಾಂತ. ಬುಕ್ ಮಾಡುವ ಮುನ್ನ ನಾಲ್ಕು ವಿಷಯ ಕೇಳಿ: ಟೆಂಟಿನಿಂದ ದಿಬ್ಬಕ್ಕೆ ಎಷ್ಟು ದೂರ, ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ, ಬಿಸಿನೀರು ಯಾವಾಗ, ಜೀಪಿನ ಹಣ ಸೇರಿದೆಯೇ. ಕೆಲವು ಕ್ಯಾಂಪುಗಳು ರಸ್ತೆ ಬದಿಯ ಗಟ್ಟಿ ನೆಲದಲ್ಲಿವೆ. ಮರಳು ಬೇಕೆಂದರೆ ಮತ್ತೆ ದುಡ್ಡು ಕೊಟ್ಟು ಜೀಪು ಹತ್ತಬೇಕು. ನಕ್ಷತ್ರ ನೋಡುವ ಆಸೆಯಿದ್ದರೆ ಪಂಚಾಂಗ ತೆಗೆದು ಅಮಾವಾಸ್ಯೆಯ ಆಸುಪಾಸು ಆರಿಸಿ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ. ಎರಡೂ ಸಲ ನೀವು ಮುಂದಕ್ಕೆ ಬೀಳುತ್ತೀರಿ, ಆದ್ದರಿಂದ ಜೀನಿನ ಹಿಡಿ ಬಿಗಿಹಿಡಿದು ಹಿಂದಕ್ಕೆ ವಾಲಿ. ಮೊದಲ ಸಲ ಹತ್ತುವವರಿಗೆ ಅರ್ಧ ಗಂಟೆ ಸಾಕು, ಅದಕ್ಕಿಂತ ಹೆಚ್ಚಾದರೆ ತೊಡೆ ಹಿಡಿದುಕೊಳ್ಳುತ್ತದೆ.

ಜನವರಿಯಲ್ಲಿ ಹಗಲು 24 ಡಿಗ್ರಿ ಇದ್ದದ್ದು ರಾತ್ರಿ 8ರ ಕೆಳಗೆ ಇಳಿಯುತ್ತದೆ, ದಿಬ್ಬದ ಮೇಲೆ ಇನ್ನೂ ಕಡಿಮೆ. ಒಂದು ದಪ್ಪ ಜಾಕೆಟ್‌ಗಿಂತ ಒಳಗೊಂದು ಥರ್ಮಲ್, ಮೇಲೆ ಸ್ವೆಟರ್, ಗಾಳಿ ತಡೆಯುವ ಜರ್ಕಿನ್ ಎಂದು ಪದರವಾಗಿ ಹಾಕಿದರೆ ಬಿಸಿಲೇರಿದಂತೆ ಒಂದೊಂದೇ ತೆಗೆಯಬಹುದು. ಕುಲಾವಿ ಮರೆಯಬೇಡಿ. ಉಣ್ಣೆಯ ಕಾಲುಚೀಲ ಹಾಸಿಗೆಗೆ ಮಾತ್ರ. ಹುಲ್ಲಿನಲ್ಲಿ ನಡೆದರೆ ಭುರಟ್ ಎಂಬ ಮುಳ್ಳುಬೀಜ ಅದಕ್ಕೆ ಕಚ್ಚಿಕೊಂಡು ಬಿಡಿಸಲು ಬರುವುದಿಲ್ಲ. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದರಿಂದ ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ, ತುಟಿ ಹಿಮ್ಮಡಿ ಒಡೆಯುತ್ತವೆ. ಮರಳಿನಲ್ಲಿ ಕ್ಯಾಮೆರಾ ಲೆನ್ಸ್ ಬದಲಿಸಬೇಡಿ. ಅಲ್ಲಿ ಜನವರಿಯಲ್ಲಿ ಬೆಳಕು ಹರಿಯುವುದೇ ಏಳು ದಾಟಿದ ಮೇಲೆ, ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ. ದಿನದ ಪಟ್ಟಿಯನ್ನು ನಮ್ಮೂರಿನ ಲೆಕ್ಕದಲ್ಲಿ ತುಂಬಿಸಬೇಡಿ.

ಜೈಸಲ್ಮೇರ್‌ನಿಂದ ಬಿಕಾನೇರ್‌ಗೆ 330 ಕಿಲೋಮೀಟರ್, ಕಾರಿನಲ್ಲಿ ಆರು ಗಂಟೆ. ಚಳಿಗಾಲದ ಮಂಜಿಗೆ ಬೆಳಗಿನ ರಸ್ತೆ ನಿಧಾನವಾಗುವುದರಿಂದ ಅದೇ ದಿನ ರೈಲು ಹಿಡಿಯುವ ಲೆಕ್ಕ ಬೇಡ. ಅದಕ್ಕೇ ಬಿಕಾನೇರ್‌ನ ಆ ಕೊನೆಯ ರಾತ್ರಿ. ಜುನಾಗಢ ಕೋಟೆ ನೋಡಿ, ರೈಲಿಗೆ ಭುಜಿಯಾ ಕಟ್ಟಿಸಿಕೊಳ್ಳಿ.