ಅಮ್ಮನಿಗೆ ಕೂರಲು ಒಂದು ಬೆಂಚು

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ಒಂದು ಸಣ್ಣ ಊರಿಗೆ ಹೋಗಿದ್ದೆ. ಬೆಟ್ಟದ ಮೇಲೆ ಹಳೆಯ ಕೋಟೆ, ಕೆಳಗೆ ಊರು. ಊರಿನ ಬಾಗಿಲಲ್ಲೇ ದೊಡ್ಡ ಸ್ವಾಗತ ಕಮಾನು, ಹೊಸ ಬಣ್ಣ. ಅಮ್ಮನಿಗೆ ಎರಡೂ ಮಂಡಿ ನೋವು, ಆದರೂ ಊರು ಸುತ್ತುವ ಆಸೆ ಜಾಸ್ತಿ. ಬಸ್ ಇಳಿದು ಅರ್ಧ ಗಂಟೆ ನಡೆದ ಮೇಲೆ "ಎಲ್ಲಾದರೂ ಸ್ವಲ್ಪ ಕೂರೋಣ ಕಣೇ" ಎಂದರು. ಕೂರಲು ಒಂದು ಜಾಗ ಇರಲಿಲ್ಲ. ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತೆವು.

ಆಮೇಲೆ ಶೌಚಾಲಯ ಹುಡುಕಿದೆವು. ಇತ್ತು, ಒಳ್ಳೆಯ ಕಟ್ಟಡವೇ. ಆದರೆ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಬೀಗದ ಕೈ ಯಾರ ಹತ್ತಿರ ಇದೆ ಅಂತ ನಾಲ್ಕು ಜನರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಅಮ್ಮ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಯಾಕೆ ಅಂತ ನನಗೆ ಆಗ ಹೊಳೆಯಿತು. ಹೊರಗೆ ಹೊರಟಾಗಲೆಲ್ಲ ಅವರು ಹೀಗೇ ಮಾಡುತ್ತಾರೆ. ಎಷ್ಟು ವರ್ಷದಿಂದ ಮಾಡುತ್ತಿದ್ದಾರೋ.

ಕೋಟೆ ನೋಡದೆ ಮಧ್ಯಾಹ್ನದ ಬಸ್ಸಿಗೇ ವಾಪಸ್ ಬಂದೆವು. ರಾತ್ರಿ ಅಲ್ಲೇ ಉಳಿಯುವ ಯೋಚನೆ ಇತ್ತು. ರೂಮಿನ ಬಾಡಿಗೆ, ಎರಡು ಹೊತ್ತಿನ ಊಟ, ಮನೆಗೆ ಒಯ್ಯುವ ಒಂದೆರಡು ವಸ್ತು, ಇದೆಲ್ಲ ಆ ಊರಿನವರ ಕೈ ಸೇರಬೇಕಿತ್ತು. ಸೇರಲಿಲ್ಲ.

ಅವತ್ತಿನಿಂದ ಈ ವಿಷಯ ತಲೆಯಲ್ಲಿ ಕೂತಿದೆ. ಪ್ರವಾಸೋದ್ಯಮ ಬೆಳೆಸುತ್ತೇವೆ ಎಂದಾಗ ಊರಿನ ಆಡಳಿತ ಮೊದಲು ಯೋಚಿಸುವುದು ಕಮಾನು, ಲೋಗೋ, ಉತ್ಸವ, ವಿಡಿಯೋ. ಇವೆಲ್ಲ ಜನರನ್ನು ಕರೆಯುವ ಕೆಲಸ. ಬಂದವರನ್ನು ಇನ್ನೊಂದು ಗಂಟೆ ನಿಲ್ಲಿಸುವ ಕೆಲಸ ಬೇರೆ. ಊರಿಗೆ ದುಡ್ಡು ಬರುವುದು ಎಷ್ಟು ಜನ ಬಂದರು ಎನ್ನುವುದರಿಂದ ಮಾತ್ರ ಅಲ್ಲ, ಎಷ್ಟು ಹೊತ್ತು ಇದ್ದರು ಎನ್ನುವುದರಿಂದ. ಬೆಳಗ್ಗೆ ಬಂದು ಫೋಟೋ ತೆಗೆದು ಹೊರಟವರು ಊರಿಗೆ ಬಿಟ್ಟು ಹೋಗುವುದು ಕಸ. ರಾತ್ರಿ ಉಳಿದವರು ಸಂಜೆ ಊಟ ಮಾಡುತ್ತಾರೆ, ಬೆಳಗ್ಗೆ ತಿಂಡಿ ತಿನ್ನುತ್ತಾರೆ, ಸುಮ್ನೆ ಬೀದಿಯಲ್ಲಿ ಅಡ್ಡಾಡುತ್ತಾ ಏನೋ ಒಂದು ಕೊಳ್ಳುತ್ತಾರೆ.

ಬೇರೆ ಊರುಗಳು ಏನು ಮಾಡಿವೆ ಅಂತ ಓದುತ್ತಾ ಹೋದೆ. ನನಗೆ ತುಂಬಾ ಹಿಡಿಸಿದ್ದು ಜರ್ಮನಿಯ ಆಲೆನ್ ಎಂಬ ಪಟ್ಟಣದಲ್ಲಿ ಶುರುವಾದ ಒಂದು ಯೋಜನೆ. ಅದರ ಹೆಸರು 'ನೆಟ್ಟೆ ಟಾಯ್ಲೆಟ್ಟೆ'. ಅಂದರೆ ಒಳ್ಳೆಯ ಶೌಚಾಲಯ, ಅಷ್ಟೇ. ಪುರಸಭೆ ಹೊಸದಾಗಿ ಕಟ್ಟಡ ಕಟ್ಟುವ ಬದಲು ಹೋಟೆಲು, ಅಂಗಡಿಗಳ ಜೊತೆ ಮಾತಾಡುತ್ತದೆ. ಅವರು ತಮ್ಮ ಶೌಚಾಲಯವನ್ನು ಎಲ್ಲರಿಗೂ ತೆರೆದಿಡಬೇಕು, ಏನೂ ಕೊಳ್ಳದೇ ಇದ್ದರೂ ಸರಿ. ಅದಕ್ಕೆ ಪುರಸಭೆ ದುಡ್ಡು ಕೊಡುತ್ತದೆ. ಬಾಗಿಲಿಗೆ ಒಂದು ಸ್ಟಿಕರ್ ಅಂಟಿರುತ್ತದೆ. ತೊಳೆಯುವವರು ಹೇಗೂ ಅಲ್ಲಿದ್ದಾರೆ, ದೀಪ ಹೇಗೂ ಉರಿಯುತ್ತದೆ. ಸ್ಟಿಕರ್ ನೋಡಿ ಒಳಗೆ ಹೋದವರು ಅಂಗಡಿಯನ್ನೂ ನೋಡುತ್ತಾರೆ. ಎಷ್ಟು ಸರಳ, ಅಲ್ವಾ? ಜರ್ಮನಿಯ ಎಷ್ಟೋ ಊರುಗಳು ಇದನ್ನು ಅಳವಡಿಸಿಕೊಂಡಿವೆ. ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ತುಕ್ಕು ಹಿಡಿದ ಬೀಗ.

ಸ್ಪೇನಿನ ಬಿಲ್ಬಾವೊ ನಗರದ ಕತೆಯನ್ನು ಎಲ್ಲರೂ ಹೇಳುತ್ತಾರೆ. 1997ರಲ್ಲಿ ಗುಗನ್‌ಹೈಮ್ ಎಂಬ ಕಲಾ ಮ್ಯೂಸಿಯಂ ಬಂತು, ಊರಿನ ನಸೀಬು ಬದಲಾಯಿತು ಅಂತ. ಹಾಗಾಗಿ ಪ್ರತಿ ಊರಿಗೂ ತನ್ನದೊಂದು ಹೊಳೆಯುವ ಕಟ್ಟಡ ಬೇಕು. ಆದರೆ ಆ ಕಟ್ಟಡಕ್ಕಿಂತ ಮುಂಚೆ ಏನಾಯಿತು ಎಂದು ಹೇಳುವವರು ಕಡಿಮೆ. ಅದು ಉಕ್ಕಿನ ಕಾರ್ಖಾನೆ, ಹಡಗುಕಟ್ಟೆಗಳ ಊರು. ನದಿ ಕೊಳಚೆಯಾಗಿತ್ತು. ಚರಂಡಿ ನೀರನ್ನು ಶುದ್ಧ ಮಾಡಿ ನದಿಯನ್ನು ಉಳಿಸುವ ಯೋಜನೆ ಮಾಡಿದ್ದು 1979ರಲ್ಲಿ. 1995ರಲ್ಲಿ ಮೆಟ್ರೋ ಓಡಿತು. ಆಮೇಲೆ ಮ್ಯೂಸಿಯಂ, ಅದೂ ಆ ನದಿಯ ದಡದಲ್ಲೇ. ನಾರುವ ನದಿಯ ಪಕ್ಕ ಎಷ್ಟು ಚೆಂದದ ಕಟ್ಟಡ ಕಟ್ಟಿದರೂ ಯಾರು ತಾನೇ ನಿಲ್ಲುತ್ತಿದ್ದರು? ಚರಂಡಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಆದರೂ ಅದನ್ನು ಮೊದಲು ಮಾಡಿದ ಆಡಳಿತದ ಮೇಲೆ ನನಗೆ ನಿಜವಾಗಿ ಗೌರವ ಇದೆ.

ಕೋಟಿಗಟ್ಟಲೆ ಇಲ್ಲದ ಊರುಗಳಿಗೆ ಸ್ಕಾಟ್ಲೆಂಡಿನ ವಿಗ್‌ಟೌನ್ ಹತ್ತಿರದ ಉದಾಹರಣೆ. ಸುಮಾರು ಸಾವಿರ ಜನರ ಊರು. ಇದ್ದ ಹಾಲಿನ ಡೈರಿ ಮುಚ್ಚಿ ಕೆಲಸ ಹೋಗಿತ್ತು. 1998ರಲ್ಲಿ ಅದು ಸ್ಕಾಟ್ಲೆಂಡಿನ ಪುಸ್ತಕ ಪಟ್ಟಣವಾಯಿತು. ಹಳೆಯ ಪುಸ್ತಕದ ಅಂಗಡಿಗಳು ತೆರೆದವು, ಪುಸ್ತಕೋತ್ಸವ ಶುರುವಾಯಿತು. ಪುಸ್ತಕ ಹುಡುಕುವವರು ಬೇಗ ಹೊರಡುವುದಿಲ್ಲ. ಒಂದು ಕಪಾಟು ನೋಡಲು ಹೋದವರು ಒಂದು ಮಧ್ಯಾಹ್ನ ಕಳೆಯುತ್ತಾರೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಫ್ರಾನ್ಸಿನಲ್ಲಿ ರಾತ್ರಿ ತಂಗುವವರಿಂದ ಊರಿನ ಆಡಳಿತ ಸಣ್ಣ ತೆರಿಗೆ ಪಡೆಯುವ ಪದ್ಧತಿ 1910ರಿಂದ ಇದೆ. ಆ ಹಣವನ್ನು ಪ್ರವಾಸಿಗರಿಗೆ ಅನುಕೂಲ ಮಾಡಲೇ ಬಳಸಬೇಕು. ವೆನಿಸ್ ನಗರ 2024ರಲ್ಲಿ ಇನ್ನೊಂದು ಕೆಲಸ ಮಾಡಿತು. ಜನಜಂಗುಳಿಯ ಕೆಲವು ದಿನ, ಬಂದು ಅದೇ ದಿನ ಹೋಗುವವರಿಗೆ 5 ಯೂರೋ ಶುಲ್ಕ ಹಾಕಿತು. ರಾತ್ರಿ ಉಳಿಯುವವರಿಗೆ ಆ ಶುಲ್ಕ ಇಲ್ಲ. ಇದರಿಂದ ಗುಂಪು ಕಡಿಮೆಯಾಗುತ್ತದೋ ಇಲ್ಲವೋ, ಅದು ಬೇರೆ ಚರ್ಚೆ. ಉಳಿಯುವವರು ಬೇಕು ಎಂದು ಒಂದು ನಗರ ಬಾಯಿಬಿಟ್ಟು ಹೇಳಿದ್ದು ನನಗೆ ಮುಖ್ಯ ಅನ್ನಿಸಿತು.

ನಿನ್ನೆ ಆ ಕೋಟೆಯ ಊರಿನ ಪುರಸಭೆಗೆ ಪತ್ರ ಬರೆದೆ. ದೂರು ಅಲ್ಲ, ಕೋರಿಕೆ. ಶೌಚಾಲಯದ ಬಾಗಿಲಿಗೆ ತೆರೆಯುವ ಹೊತ್ತು, ಬೀಗದ ಕೈ ಇರುವವರ ಫೋನ್ ನಂಬರ್ ಬರೆಸಿ. ಬಸ್ ನಿಲ್ದಾಣದಿಂದ ಕೋಟೆಗೆ ಎಷ್ಟು ದೂರ, ಎಷ್ಟು ಮೆಟ್ಟಿಲು ಅಂತ ಒಂದು ಫಲಕ ಹಾಕಿಸಿ. ದಾರಿಯಲ್ಲಿ ನೆರಳಿರುವ ಕಡೆ ಒಂದೆರಡು ಬೆಂಚು ಇಡಿಸಿ.

ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಮಂಡಿ ಸವರಿಕೊಳ್ಳುತ್ತಾ ಕೂತಿದ್ದರು. ಆಮೇಲೆ ಅಂದರು: "ಬೆಂಚಿಗೆ ಪಕ್ಕದಲ್ಲಿ ಹಿಡಿ ಇರಲಿ ಅಂತ ಬರಿ. ಕೂರೋದು ಹೇಗೋ ಕೂರ್ತೀವಿ, ಏಳೋದೇ ಕಷ್ಟ."

ಪತ್ರ ಮತ್ತೆ ತೆರೆದು ಅದನ್ನೂ ಸೇರಿಸಿದೆ.