ಎರಡು ಮೀಟರ್ ಉದ್ದ, ಒಂದಡಿ ಎತ್ತರ

ನಮ್ಮ ಮನೆಯ ಮಾಡಿನ ಹಂಚುಗಳಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದ್ದಾರೆ. ಅಟ್ಟಕ್ಕೆ ಹತ್ತಿ ತಲೆ ಎತ್ತಿದರೆ ಓದಬಹುದು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ನನ್ನ ಮುತ್ತಜ್ಜ ಮಂಗಳೂರಿನ ಜೆಪ್ಪುವಿನಲ್ಲಿದ್ದ ಆ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಅನ್ನೋದು ಸ್ವಿಟ್ಜರ್ಲೆಂಡಿನ ಒಂದು ಊರು, ಅಲ್ಲಿ ರೈನ್ ನದಿ ಹರಿಯುತ್ತದೆ ಅಂತ ನನಗೆ ಗೊತ್ತಾದದ್ದು ಎಷ್ಟೋ ದೊಡ್ಡವಳಾದ ಮೇಲೆ. ಚಿಕ್ಕಂದಿನಲ್ಲಿ ಅದು ನಮಗೆ ಹಂಚಿನ ಹೆಸರು, ಅಷ್ಟೇ.

ಈಗ ಬರೆಯುತ್ತಿರುವುದು ಆ ಊರಿನಲ್ಲಿರುವ, ಸತ್ತ ಕ್ರಿಸ್ತನ ಒಂದು ವರ್ಣಚಿತ್ರದ ಬಗ್ಗೆ. ನಾನದನ್ನು ಕಣ್ಣಾರೆ ಕಂಡಿಲ್ಲ. ಆದರೂ ಈ ವರ್ಷದ ನನ್ನ ಶುಭಶುಕ್ರವಾರ, ಈಸ್ಟರ್ ಎರಡೂ ಅದರ ಜೊತೆಯಲ್ಲೇ ಕಳೆದವು.

ಸ್ವಲ್ಪ ಹಿಂದಿನಿಂದ ಹೇಳಬೇಕು. 2021ರ ಮೇ ತಿಂಗಳಲ್ಲಿ ಅಮ್ಮ ತೀರಿಕೊಂಡರು. ಕೋವಿಡ್. ಆಸ್ಪತ್ರೆಗೆ ಸೇರಿಸಿದ ಮೇಲೆ ಒಳಗೆ ಬಿಡಲಿಲ್ಲ. ಏಳನೇ ದಿನ ಬೆಳಗ್ಗೆ ಫೋನ್ ಬಂತು. ಝಿಪ್ ಹಾಕಿದ ಚೀಲದಲ್ಲಿ ತಂದರು, ಮೈತುಂಬ ಬಿಳಿ ಉಡುಪು ಹಾಕಿಕೊಂಡ ನಾಲ್ಕು ಜನ ಹುಡುಗರು ಇಳಿಸಿದರು. ಸ್ನಾನ ಮಾಡಿಸಲಿಲ್ಲ, ಸೀರೆ ಉಡಿಸಲಿಲ್ಲ, ಮುಖ ನೋಡಲಿಲ್ಲ. ಯಾರನ್ನೂ ದೂರುತ್ತಿಲ್ಲ. ಆಗ ಎಷ್ಟೋ ಮನೆಗಳಲ್ಲಿ ಹಾಗೇ ಆಯಿತು. ಆದರೆ ಅದಾದ ಮೇಲೆ ನನ್ನಲ್ಲಿ ಏನೋ ನಿಂತುಹೋಯಿತು. ಆದಿತ್ಯವಾರ ಚರ್ಚಿಗೆ ಹೋಗುತ್ತಿದ್ದೆ. ಎಲ್ಲರೂ ಎದ್ದು ನಿಂತು ವಿಶ್ವಾಸಪ್ರಮಾಣ, ಅಂದರೆ ನಾವು ನಂಬುವುದು ಇಂಥದ್ದು ಅನ್ನುವ ಸಾಲುಗಳನ್ನು, ಹೇಳುವಾಗ ನನ್ನ ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಸಭಾಪಾಲಕರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಬಂದವರೆಲ್ಲ ಒಳ್ಳೆಯ ಮಾತನ್ನೇ ಆಡಿದರು. ಒಂದೂ ಒಳಗೆ ಇಳಿಯಲಿಲ್ಲ.

ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಷ್ಟ್ರು ನಮ್ಮ ಓಣಿಯಲ್ಲೇ ಇರುವುದು. ಮಂಜೇಶ್ವರದ ಕಡೆಯ ಕೊಂಕಣಿಯವರು. ಒಂದು ದಿನ ಜಗಲಿಯಲ್ಲಿ ಕೂತು ಹೇಳಿದರು, "ದೇವರ ಬಗ್ಗೆ ಮಾತು ಬೇಡ ಅಂತಾದ್ರೆ ಬೇಡ. ಒಂದು ಪುಸ್ತಕದ ಬಗ್ಗೆ ಮಾತಾಡುವ, ಆಗದಾ?" ಮರುವಾರ ಗೋವಿಂದ ಪೈಗಳ 'ಗೊಲ್ಗೊಥಾ' ಹಿಡಿದುಕೊಂಡು ಬಂದರು.

ಯೇಸುವಿನ ಕಡೆಯ ದಿನದ ಕಾವ್ಯ ಅದು. ಬರೆದವರು ಚರ್ಚಿನವರಲ್ಲ, ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯ ಮಂಜೇಶ್ವರದಲ್ಲಿ ಕೂತು ಓದಿದವರು, ಬರೆದವರು. ಬುದ್ಧನ ಕಡೆಯ ದಿನದ ಬಗ್ಗೆಯೂ 'ವೈಶಾಖಿ' ಬರೆದಿದ್ದಾರೆ. ಗಟ್ಟಿ ಕನ್ನಡ. ಸಾಲಿಗೆ ಎರಡು ಪದವಾದರೂ ನನಗೆ ತಿಳಿಯುತ್ತಿರಲಿಲ್ಲ. ಮಾಷ್ಟ್ರಿಗೂ ಅನುಮಾನ ಬಂದಾಗ ಕಿಟೆಲ್ ನಿಘಂಟು ತೆಗೆಯುತ್ತಿದ್ದೆವು. 1894ರಲ್ಲಿ ಅಚ್ಚಾದದ್ದು, ಬಾಸೆಲ್ ಮಿಶನ್ನಿನ ಪಾದ್ರಿ ಮಾಡಿದ್ದು. ಒಂದು ಪದ ಹುಡುಕಲು ಹೋಗಿ ಹತ್ತು ಪದ ಓದಿ, ಚಾ ಆರಿಹೋಗಿ, ಮತ್ತೆ ಬಿಸಿ ಮಾಡಿ, ಹೀಗೆ ಸಂಜೆ ಆಗುತ್ತಿತ್ತು. ವಿಶ್ವಾಸದ ಮಾತನ್ನು ಯಾರಾದರೂ ನೇರವಾಗಿ ಎತ್ತಿದರೆ ನಾನು ಒಳಗಿಂದ ಚಿಲಕ ಹಾಕಿಕೊಳ್ಳುತ್ತಿದ್ದೆ. ಶಿಲುಬೆಯ ಕೆಳಗೆ ನಿಂತವರ ಬಗ್ಗೆ ಕವಿ ಬಳಸಿದ ಒಂದು ಪದಕ್ಕೆ ಅರ್ಥ ಏನು ಅಂತ ಕೇಳಿದರೆ ಮಾತ್ರ ಗಂಟೆಗಟ್ಟಲೆ ಕೂರುತ್ತಿದ್ದೆ.

ಹಾಗೆ ಶುರುವಾದದ್ದು ಈಗ ನಾಲ್ಕು ಜನರ ಕೂಟ ಆಗಿದೆ. ತಿಂಗಳಿಗೊಂದು ಶನಿವಾರ, ನಮ್ಮ ಚಾವಡಿಯಲ್ಲಿ. ಮಾಷ್ಟ್ರು, ನಾನು, ನನ್ನ ತಮ್ಮನ ಮಗ, ಮತ್ತೆ ಸಿಸ್ಟರಕ್ಕ. ಸಿಸ್ಟರಕ್ಕ ಅಂದರೆ ಕನ್ಯಾಸ್ತ್ರೀ ಅಂದುಕೊಳ್ಳಬೇಡಿ. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವರು, ಓಣಿಯವರೆಲ್ಲ ಹಾಗೇ ಕರೆಯುವುದು. ಬಿಲ್ಲವರ ಮನೆಯವರು, ಬೈಬಲ್ ಓದಿದವರಲ್ಲ. ಗೋಳಿಬಜೆ ಅವರ ಪಾಲಿನದ್ದು.

ತಮ್ಮನ ಮಗ ಸಿನಿಮಾ ತರುತ್ತಾನೆ. ಪಾಸೊಲಿನಿ ಅನ್ನುವ ಇಟಲಿಯ ನಿರ್ದೇಶಕ 1964ರಲ್ಲಿ ಬೈಬಲಿನ ಮತ್ತಾಯನ ಸುವಾರ್ತೆಯನ್ನೇ ಸಿನಿಮಾ ಮಾಡಿದ್ದ. ಕಪ್ಪು ಬಿಳುಪು. ನಟರೆಲ್ಲ ಹೊಸಬರು, ಮಾತು ಸುವಾರ್ತೆಯದ್ದೇ. ಆತ ಕಮ್ಯುನಿಸ್ಟ್, ನಾಸ್ತಿಕ ಅಂತ ತಾನೇ ಹೇಳಿಕೊಂಡವನು. ಅದರಲ್ಲಿ ಯೇಸುವಿನ ತಾಯಿ, ವಯಸ್ಸಾದ ಮರಿಯಳ ಪಾತ್ರ ಮಾಡಿದ್ದು ಅವನ ಸ್ವಂತ ತಾಯಿ ಸುಸಾನ್ನಾ. ಶಿಲುಬೆಯ ಎದುರು ಆಕೆ ಕುಸಿಯುವುದನ್ನು ನೋಡಿ ನಾವು ಸುಮ್ಮನಾದೆವು. ಆಮೇಲೆ ಹುಡುಗ ಹೇಳಿದ: ಆಕೆಯ ಕಿರಿಮಗ ಗ್ವೀದೊ 1945ರಲ್ಲಿ, ಯುದ್ಧ ಮುಗಿಯಲು ಇನ್ನು ಕೆಲವೇ ತಿಂಗಳು ಇರುವಾಗ, ಹತ್ತೊಂಬತ್ತರ ಹರೆಯದಲ್ಲಿ ಕೊಲೆಯಾದ. "ಹಾಗಾದ್ರೆ ಅದು ನಟನೆ ಅಲ್ಲ ಮಾರಾಯಾ" ಅಂದರು ಸಿಸ್ಟರಕ್ಕ. ಆ ಸಿನಿಮಾದ ಬಗ್ಗೆ ಹೇಳಲು ಇನ್ನೂ ಬೇಕಾದಷ್ಟಿದೆ, ಇನ್ನೊಮ್ಮೆ ಬರೆಯುತ್ತೇನೆ.

ಈ ವರ್ಷ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮೊದಲಿನ ಉಪವಾಸದ ವಾರಗಳಲ್ಲಿ, ಮಾಷ್ಟ್ರು ರಷ್ಯದ ದೊಸ್ತೊಯೆವ್‌ಸ್ಕಿಯ ಕಾದಂಬರಿ 'ಈಡಿಯಟ್' ಓದುತ್ತಿದ್ದರು, ಇಂಗ್ಲಿಷಿನಲ್ಲಿ. ಅದರಲ್ಲಿ ಒಂದು ಮನೆಯ ಗೋಡೆಯ ಮೇಲೆ ಸತ್ತ ಕ್ರಿಸ್ತನ ಚಿತ್ರದ ಒಂದು ನಕಲು ಇದೆ. ಇಂಥ ಚಿತ್ರ ನೋಡಿದರೆ ಇರುವ ವಿಶ್ವಾಸವೂ ಹೋಗಬಹುದು ಅಂತ ಕಥಾನಾಯಕ ಹೇಳುತ್ತಾನೆ. ಕ್ಷಯದಿಂದ ಸಾಯುತ್ತಿರುವ ಇಪ್ಪೊಲಿತ್ ಅನ್ನುವ ಹುಡುಗ ಮುಂದೆ ಕೇಳುತ್ತಾನೆ: ಶಿಷ್ಯರು, ಶಿಲುಬೆಯ ಬಳಿ ನಿಂತ ಹೆಂಗಸರು, ಇಂಥದ್ದೇ ಹೆಣವನ್ನು ಕಂಡಿದ್ದರೆ, ಇವನು ಎದ್ದು ಬರುತ್ತಾನೆ ಅಂತ ಹೇಗೆ ನಂಬಿದರು?

ಮೂಲ ಚಿತ್ರ ಬಾಸೆಲ್‌ನಲ್ಲಿದೆ. ಜರ್ಮನ್ ಚಿತ್ರಕಾರ ಹಾನ್ಸ್ ಹೋಲ್ಬೈನ್ 1521-22ರಲ್ಲಿ ಮರದ ಹಲಗೆಯ ಮೇಲೆ ಬರೆದದ್ದು. ದೊಸ್ತೊಯೆವ್‌ಸ್ಕಿ ಅದನ್ನು ನೋಡಿದ್ದು 1867ರ ಆಗಸ್ಟಿನಲ್ಲಿ, ಜಿನೀವಾಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ಅಲ್ಲಿ ಇಳಿದಾಗ. ಹೆಂಡತಿ ಆನ್ನಾ ಅದನ್ನೆಲ್ಲ ಬರೆದಿಟ್ಟಿದ್ದಾಳೆ. ಹತ್ತಿರದಿಂದ ನೋಡಬೇಕು ಅಂತ ಅವನು ಕುರ್ಚಿ ಹತ್ತಿದನಂತೆ, ದಂಡ ಹಾಕಿಯಾರು ಅಂತ ಆಕೆಗೆ ಹೆದರಿಕೆ. ಬಸುರಿ ಹೆಂಗಸು, ಅದನ್ನು ನೋಡಲಾಗದೆ ಬೇರೆ ಕೋಣೆಗೆ ಹೋದಳು. ಕಾಲು ಗಂಟೆಯ ಮೇಲೆ ಬಂದು ನೋಡಿದರೆ ಅವನು ಅಲ್ಲೇ ನೆಟ್ಟ ಹಾಗೆ ನಿಂತಿದ್ದಾನೆ. ಇನ್ನೇನು ಮೂರ್ಛೆರೋಗ ಬರುತ್ತದೆ ಅಂತ ಗಾಬರಿಯಾಗಿ ಕೈ ಹಿಡಿದು ಈಚೆ ಕರೆತಂದಳು.

ಬಾಸೆಲ್ ಅಂದ ಕೂಡಲೆ ನಾನು ಮಾಡಿನ ಕಡೆ ನೋಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಪಾದ್ರಿಗಳನ್ನು ಕಳಿಸಿದ ಊರು. ನಮ್ಮವರಿಗೆ ಸುವಾರ್ತೆ, ಅಚ್ಚುಕೂಟ, ಮಗ್ಗ, ಹಂಚು ಎಲ್ಲ ಬಂದ ಊರಿನಲ್ಲೇ ಈ ಹೆಣವೂ ಇತ್ತು. ಅದರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ.

ಹುಡುಗ ಲ್ಯಾಪ್‌ಟಾಪಿನಲ್ಲಿ ಚಿತ್ರ ತೆರೆದ. ಪರದೆಯ ಮೇಲೆ ಸಪೂರ ಪಟ್ಟಿಯ ಹಾಗೆ ಕಂಡಿತು. "ಅತ್ತೆ, ಅಳತೆ ನೋಡಿ. ಎತ್ತರ 30.5 ಸೆಂಟಿಮೀಟರ್, ಉದ್ದ ಎರಡು ಮೀಟರ್" ಅಂದ. ಹೀಗೆ ನೋಡಿದರೆ ಗೊತ್ತಾಗುವುದಿಲ್ಲ ಅಂತ ಮಾಷ್ಟ್ರು ಹಳೇ ಪೇಪರ್ ಕೇಳಿದರು. ಹಾಳೆಗೆ ಹಾಳೆ ಗೋಂದು ಹಚ್ಚಿ, ಹೊಲಿಗೆ ಮೆಷಿನಿನ ಡ್ರಾಯರಿನಿಂದ ಅಮ್ಮನ ಟೇಪು ತೆಗೆದು ಅಳೆದು, ಕತ್ತರಿಸಿ, ಗೋಡೆಯ ಬುಡಕ್ಕೆ ಅಂಟಿಸಿದೆವು. ಅದರ ಎದುರು ಕೆಂಪು ನೆಲದ ಮೇಲೆ ಹುಡುಗ ಅಂಗಾತ ಮಲಗಿದ. ತಲೆಯಿಂದ ಕಾಲಿನವರೆಗೆ ಸರಿಯಾಗಿ ಹಿಡಿಸಿತು. ಎದೆಯಿಂದ ಪೇಪರಿನ ಮೇಲಂಚಿಗೆ ನಾಲ್ಕು ಬೆರಳಷ್ಟು ಜಾಗ.

ಅವನು ಮಲಗಿದಲ್ಲಿಂದಲೇ ಹೇಳಿದ, "ಎದ್ದು ಕೂರೋದಕ್ಕೆ ಜಾಗ ಇಲ್ಲ ಅತ್ತೆ."

ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಕಡೆ ನೋಡಿದೆವು. ಕೂದಲು ಕಲ್ಲಿನ ಅಂಚಿನಿಂದ ಕೆಳಗೆ ಇಳಿಬಿದ್ದಿದೆ. ಗಡ್ಡ ಮೇಲಕ್ಕೆ ಚಾಚಿದೆ. ಕೈ ಹಸಿರುಗಟ್ಟಿ ಕಪ್ಪಾಗುತ್ತಿದೆ, ನಡುಬೆರಳು ಮಾತ್ರ ಉದ್ದಕ್ಕೆ ಕೆಳಗಿನ ಬಟ್ಟೆಯನ್ನು ಒತ್ತಿದೆ. ಬಾಯಿ ತೆರೆದಿದೆ. ಕಣ್ಣು ತೆರೆದಿದೆ, ಗುಡ್ಡೆ ಮೇಲಕ್ಕೆ ತಿರುಗಿದೆ. ತಲೆಯ ಸುತ್ತ ಬೆಳಕಿಲ್ಲ, ಪಕ್ಕದಲ್ಲಿ ಅಳುವವರಿಲ್ಲ, ದೇವದೂತರಿಲ್ಲ.

ಸಿಸ್ಟರಕ್ಕ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು. ತುಂಬ ಹೊತ್ತು ನೋಡಿ, "ಇವನಿಗೆ ಯಾರೂ ಕಣ್ಣು ಮುಚ್ಚಿಸ್ಲಿಲ್ವಲ್ಲ" ಅಂದರು.

ಮಾಷ್ಟ್ರು ಏನೋ ಹೇಳಲು ಹೊರಟವರು ನಿಲ್ಲಿಸಿದರು. ಸಿಸ್ಟರಕ್ಕ ತಮ್ಮ ಪಾಡಿಗೆ ಹೇಳುತ್ತಾ ಹೋದರು. "ನಾವು ಮೊದಲು ಮಾಡೋದು ಅದನ್ನೇ. ರೆಪ್ಪೆ ಮೇಲೆ ಎರಡು ಬೆರಳು ಇಟ್ಟು ಸ್ವಲ್ಪ ಹೊತ್ತು ಹಿಡೀಬೇಕು. ಕೂಡಲೇ ಬಿಟ್ರೆ ಮತ್ತೆ ತೆರೀತದೆ. ಆಮೇಲೆ ಗದ್ದ. ಬ್ಯಾಂಡೇಜು ಬಟ್ಟೆಯಿಂದ ತಲೆ ಸುತ್ತಿ ಕಟ್ಟೋದು. ಕೈ ನೇರ ಮಾಡೋದು. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟೋದು. ತಡ ಆದ್ರೆ ಮೈ ಮಾತು ಕೇಳೋದಿಲ್ಲ. ಇದು ತಡ ಆಗಿದೆ. ಬರೆದವನು ನಿಜವಾದ ಹೆಣ ನೋಡಿದ್ದಾನೆ, ಸುಮ್ನೆ ಬರೆದದ್ದಲ್ಲ." ಮತ್ತೆ ನನ್ನ ಕಡೆ ತಿರುಗಿ ಕೇಳಿದರು, "ಇವನಿಗೆ ಮನೆಯವರು ಯಾರೂ ಇರ್ಲಿಲ್ವಾ? ನಿಮ್ಮ ಪುಸ್ತಕದಲ್ಲಿ ಎಂತ ಉಂಟು?"

ನಾನು ಸತ್ಯವೇದ ತಂದು ಮಾರ್ಕನ ಸುವಾರ್ತೆಯ ಹದಿನೈದನೇ ಅಧ್ಯಾಯದ ಕೊನೆ ಓದಿದೆ. ಸತ್ತದ್ದು ಶುಕ್ರವಾರ ಮಧ್ಯಾಹ್ನದ ಮೇಲೆ. ಸಂಜೆಯಾದರೆ ಸಬ್ಬತ್ ಶುರು, ಯೆಹೂದ್ಯರು ಕೆಲಸ ಮಾಡದ ವಿಶ್ರಾಂತಿಯ ದಿನ. ಅರಿಮಥಾಯದ ಯೋಸೇಫನು ಅವಸರದಲ್ಲಿ ದೇಹ ಇಳಿಸಿ, ನಾರುಬಟ್ಟೆ ಸುತ್ತಿ, ಗವಿಯಲ್ಲಿಟ್ಟು ಕಲ್ಲು ಉರುಳಿಸಿದ. ಇಬ್ಬರು ಹೆಂಗಸರು ಎಲ್ಲಿ ಇಟ್ಟರು ಅಂತ ನೋಡಿಕೊಂಡರು. ಯೋಹಾನನು ಬರೆದದ್ದರಲ್ಲಿ ನಿಕೊದೇಮ ಸುಗಂಧದ್ರವ್ಯ ತಂದ ಮಾತಿದೆ, ಮಾರ್ಕನಲ್ಲಿ ಅದಿಲ್ಲ. ಹದಿನಾರನೇ ಅಧ್ಯಾಯ: ಸಬ್ಬತ್ ಕಳೆದ ಮೇಲೆ ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ ಮೂವರೂ ಸುಗಂಧದ್ರವ್ಯ ಕೊಂಡುಕೊಂಡು, ಬೆಳಗಾಗುತ್ತಲೇ ಸಮಾಧಿಗೆ ಹೊರಟರು, ಅವನಿಗೆ ಹಚ್ಚಲು.

"ಹಾಗಾದ್ರೆ ಅವರು ಹೋದದ್ದು ಅವನು ಎದ್ದಾನೆ ಅಂತ ಅಲ್ಲ" ಅಂದರು ಸಿಸ್ಟರಕ್ಕ. "ಬಾಕಿ ಕೆಲಸ ಮುಗಿಸ್ಲಿಕ್ಕೆ."

ಐವತ್ತು ವರ್ಷದಿಂದ ಪ್ರತಿ ಈಸ್ಟರಿಗೆ ಈ ಭಾಗ ಕೇಳಿದ್ದೇನೆ. ಸಂಡೇ ಸ್ಕೂಲಿನ ನಾಟಕದಲ್ಲಿ ಸಲೋಮೆ ಆಗಿ ಬಾಟಲಿ ಹಿಡಿದು ನಡೆದಿದ್ದೇನೆ. ಆ ಬಾಟಲಿ ಯಾಕೆ ಅಂತ ನಾನು ಯೋಚಿಸಿರಲೇ ಇಲ್ಲ. ನನಗೆ ಅವರು ಯಾವಾಗಲೂ ಖಾಲಿ ಸಮಾಧಿಯ ಕಡೆಗೆ ಹೋಗುವವರು. ಅವರ ಮನಸ್ಸಿನಲ್ಲಿ ಮಾತ್ರ ಆ ಸಮಾಧಿ ತುಂಬಿತ್ತು. ಎರಡು ರಾತ್ರಿ ಕಳೆದ ಹೆಣ, ತೆರೆದ ಬಾಯಿ, ಹಸಿರುಗಟ್ಟಿದ ಕೈ. ಹೋಲ್ಬೈನ್ ಬರೆದದ್ದನ್ನೇ ಎದುರು ನೋಡುತ್ತಾ ಅವರು ಆ ಬೆಳಗ್ಗೆ ಹೊರಟರು. ಕಲ್ಲನ್ನು ಯಾರು ಉರುಳಿಸಿಕೊಡುತ್ತಾರೆ ಅಂತ ದಾರಿಯಲ್ಲಿ ತಮ್ಮತಮ್ಮಲ್ಲೇ ಕೇಳಿಕೊಂಡರು ಅಂತ ಮಾರ್ಕ ಬರೆದಿದ್ದಾನೆ. ಅದಕ್ಕೂ ಅವರ ಹತ್ತಿರ ಉತ್ತರ ಇರಲಿಲ್ಲ. ಆದರೂ ಹೊರಟಿದ್ದರು.

ಇಪ್ಪೊಲಿತ್‌ನ ಪ್ರಶ್ನೆ ನನಗೆ ಇನ್ನೂ ದೊಡ್ಡದೇ. ಆದರೆ ಆ ಹೆಂಗಸರು ಇನ್ನೂ ಏನನ್ನೂ ನಂಬಿರಲಿಲ್ಲ, ಎಣ್ಣೆ ಹಿಡಿದು ಹೋದರು. ಅವರ ಹಿಂದೆ ನಾನೂ ನಡೆಯಬಲ್ಲೆ. ಸತ್ತವರು ಎದ್ದುಬರುತ್ತಾರೆ, ನಿತ್ಯಜೀವ ಉಂಟು ಅನ್ನುವ ವಿಶ್ವಾಸಪ್ರಮಾಣದ ಕೊನೆಯ ಸಾಲು ಇವತ್ತಿಗೂ ನನಗೆ ಭಾರ. ಮಾರ್ಕನ ಹದಿನಾರನೇ ಅಧ್ಯಾಯದ ಮೊದಲ ಮೂರು ವಚನ ಮಾತ್ರ ಪೂರ್ತಿ ನನ್ನವು.

ಆ ಸಂಜೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ: ಅಮ್ಮನ ಕಣ್ಣು ಯಾರಾದರೂ ಮುಚ್ಚಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಚೀಲದೊಳಗೆ ಅವು ತೆರೆದೇ ಇದ್ದವಾ ಅಂತ ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ. ಮಾಷ್ಟ್ರು ನೆಲ ನೋಡುತ್ತಿದ್ದರು. ಸಿಸ್ಟರಕ್ಕ ನನ್ನ ಕೈ ಹಿಡಿದುಕೊಂಡರು. "ಆ ವಾರ್ಡಿನಲ್ಲಿ ಇದ್ದ ಹುಡುಗಿ ಮುಚ್ಚಿಸಿರ್ತಾಳೆ. ಗ್ಲೌಸ್ ಕೈಯಲ್ಲೇ ಆಗಲಿ, ಮುಚ್ಚಿಸಿರ್ತಾಳೆ. ಎಷ್ಟು ಗಡಿಬಿಡಿ ಇದ್ರೂ ನಾವು ಅದೊಂದನ್ನ ಬಿಡೋದಿಲ್ಲ" ಅಂದರು. ಅದು ನಿಜವೋ ನನ್ನ ಸಮಾಧಾನಕ್ಕೋ ಗೊತ್ತಿಲ್ಲ. ಅವರು 'ನಾವು' ಅಂದರಲ್ಲ, ಅದನ್ನು ಹಿಡಿದುಕೊಂಡೆ.

ಪೇಪರಿನ ಪಟ್ಟಿಯನ್ನು ನಾವು ತೆಗೆಯಲಿಲ್ಲ. ಶುಭಶುಕ್ರವಾರ ಮೂರು ಗಂಟೆಯ ಆರಾಧನೆ ಮುಗಿಸಿ ಬಂದಾಗಲೂ ಗೋಡೆಯ ಬುಡದಲ್ಲೇ ಇತ್ತು. ಶನಿವಾರ ಅದರ ಮುಂದೆ ಗುಡಿಸಿ, ಸುಮ್ಮನೆ ಕೂತೆ.

ಈಸ್ಟರ್ ಆದಿತ್ಯವಾರ ನಮ್ಮಲ್ಲಿ ಬೆಳಕು ಹರಿಯುವ ಮೊದಲೇ ಸಮಾಧಿ ತೋಟದಲ್ಲಿ ಆರಾಧನೆ. ಸಿಸ್ಟರಕ್ಕ ತಾವೂ ಬರುತ್ತೇನೆ ಅಂದರು. ಐದು ಗಂಟೆಗೆ ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಸಣ್ಣ ಬಕೆಟ್, ಭುಜದ ಮೇಲೆ ಹಳೇ ಬೈರಾಸು. ಎಂತಕ್ಕೆ ಅಂತ ನಾನು ಕೇಳಲಿಲ್ಲ. ಅಮ್ಮನ ಕಲ್ಲಿನ ಹತ್ತಿರ ಇಬ್ಬರೂ ಕೂತೆವು. ಅವರು ಬೈರಾಸನ್ನು ನೀರಿಗೆ ಅದ್ದಿ ಹಿಂಡಿ ನನ್ನ ಕೈಗೆ ಕೊಟ್ಟು, "ಮೇಲಿಂದ ಕೆಳಗೆ ಒರೆಸು" ಅಂದರು. ಎಲೆ, ಧೂಳು, ಹಕ್ಕಿ ಹಿಕ್ಕೆ. ಹೆಸರಿನ ಅಕ್ಷರಗಳ ಒಳಗೆ ಪಾಚಿ ಕೂತಿತ್ತು, ಅದನ್ನು ಬೆರಳಿನ ತುದಿಯಿಂದ ಒಂದೊಂದಾಗಿ ತೆಗೆದೆವು. ಆಚೆ ಕಡೆ ಹಾಡು ಶುರುವಾಯಿತು. ಸಿಸ್ಟರಕ್ಕ ಬಕೆಟ್ ಹಿಡಿದುಕೊಂಡು ನೀರು ತರಲು ಇನ್ನೊಮ್ಮೆ ನಲ್ಲಿಯ ಕಡೆ ಹೋದರು.