ಕ್ರಿಯಾಟಿನಿನ್ ತಿಳಿಸದ ಸಂಗತಿಗಳು

ಹಾಸನದ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವ ನನ್ನನ್ನು ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯವರ ಮನೆಯವರು ಕೇಳುವುದು ಬಹುತೇಕ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಎಷ್ಟಿದೆ ಎಂದು ಮಾತ್ರ. ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬುದರ ಅಂದಾಜನ್ನು ಅದು ಕೊಡುತ್ತದೆ. ರೋಗನಿರೋಧಕ ವ್ಯವಸ್ಥೆಯ ಸ್ಥಿತಿಯನ್ನು ತಿಳಿಸುವುದಿಲ್ಲ.

ಈ ಕಾಯಿಲೆಯಲ್ಲಿ ಆ ವ್ಯವಸ್ಥೆ ಎರಡು ಬಗೆಯಲ್ಲಿ ಕೆಡುತ್ತದೆ: ಒಂದೆಡೆ ಬಿಡದೆ ಮುಂದುವರಿಯುವ ಸಣ್ಣ ಪ್ರಮಾಣದ ಉರಿಯೂತ, ಇನ್ನೊಂದೆಡೆ ಸೋಂಕನ್ನು ಎದುರಿಸುವ ಶಕ್ತಿಯ ಕುಂದು. ಡಯಾಲಿಸಿಸ್‌ನಲ್ಲಿರುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಬಳಿಕ ಪ್ರತಿಕಾಯದ ಮಟ್ಟವನ್ನು ಪರೀಕ್ಷಿಸುವುದು ಈ ಕಾರಣದಿಂದಲೇ.

ಹೆಚ್ಚು ಗೊಂದಲ ಹುಟ್ಟಿಸುವುದು ಫೆರಿಟಿನ್, ಅಂದರೆ ದೇಹದ ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಪ್ರೋಟೀನು. "ಕಬ್ಬಿಣದ ಅಂಶ ಜಾಸ್ತಿಯೇ ಇದೆಯಲ್ಲ ಸಾರ್, ಅಮ್ಮನಿಗೆ ರಕ್ತ ಕಡಿಮೆ ಯಾಕೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಉರಿಯೂತವಿದ್ದಾಗ ಇಂಟರ್‌ಲ್ಯೂಕಿನ್ 6 ಎಂಬ ಪ್ರೋಟೀನು ಯಕೃತ್ತಿನಲ್ಲಿ ಉರಿಯೂತದ ಗುರುತಾದ ಸಿ-ರಿಯಾಕ್ಟಿವ್ ಪ್ರೋಟೀನಿನ ಜೊತೆಗೆ ಹೆಪ್ಸಿಡಿನ್ ಎಂಬ ಹಾರ್ಮೋನಿನ ತಯಾರಿಕೆಯನ್ನೂ ಹೆಚ್ಚಿಸುತ್ತದೆ. ಹೆಪ್ಸಿಡಿನ್ ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರದಂತೆ, ಜೀವಕೋಶಗಳಲ್ಲಿ ಸಂಗ್ರಹವಾಗಿರುವುದೂ ಹೊರಬರದಂತೆ ತಡೆಯುತ್ತದೆ; ಹೀಗೆ ಕಬ್ಬಿಣವಿದ್ದರೂ ರಕ್ತದ ತಯಾರಿಕೆಗೆ ಸಿಗುವುದಿಲ್ಲ. ಫೆರಿಟಿನ್ ಉರಿಯೂತದಿಂದಲೂ ಏರುವುದರಿಂದ, ಅದನ್ನು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನಲ್ಲಿ ಎಷ್ಟು ಪಾಲು ಕಬ್ಬಿಣ ತುಂಬಿದೆ ಎಂಬ ಅಳತೆ) ಜೊತೆಗಿಟ್ಟು ನೋಡದೆ ನಿರ್ಧಾರಕ್ಕೆ ಬರುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ. ಮೂತ್ರಪಿಂಡದಲ್ಲಿ ತಯಾರಾಗುವ, ಕೆಂಪು ರಕ್ತಕಣಗಳ ಉತ್ಪಾದನೆಗೆ ಪ್ರೇರೇಪಿಸುವ ಹಾರ್ಮೋನಾದ ಎರಿಥ್ರೊಪೊಯಿಟಿನ್‌ನ ಕೊರತೆಯೂ ರಕ್ತಹೀನತೆಗೆ ದೊಡ್ಡ ಕಾರಣ.

ಸಾಮಾನ್ಯ ಸಿಬಿಸಿಯಿಂದಲೇ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಲೆಕ್ಕ ಹಾಕಬಹುದಾದ, ಎರಡು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್‌ಗಳ ಅನುಪಾತವೂ ಉರಿಯೂತದ ಸುಳಿವು ಕೊಡುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ. ಆದರೆ ಒಸಡಿನ ಸೋಂಕು, ಡಯಾಲಿಸಿಸ್‌ಗೆಂದು ರಕ್ತನಾಳದಲ್ಲಿಟ್ಟ ಕೊಳವೆಯಾದ ಕ್ಯಾತಿಟರ್‌ನ ಸೋಂಕು ಕೂಡ ಈ ಅಂಕಿಗಳನ್ನು ಏರಿಸಬಲ್ಲವು; ಆದ್ದರಿಂದ ಹೋಲಿಸಿ ನೋಡಲು ಹಳೆಯ ವರದಿಗಳನ್ನೂ ವೈದ್ಯರ ಬಳಿಗೆ ತಪ್ಪದೆ ಒಯ್ಯಿರಿ.